ಪೇಪರಿನಲ್ಲಿ ಬಂದ ಮುಖ

ಸ್ಟೋವಿನ ಬತ್ತಿಯ ಸುಟ್ಟ ತುದಿಯನ್ನು ದರ್ಜಿ ತನ್ನ ಬಟ್ಟೆ ಕತ್ತರಿಯಿಂದಲೇ ಕತ್ತರಿಸುತ್ತಿದ್ದ. ಬತ್ತಿ ಸರಿಯಾಯಿತು, ಎಣ್ಣೆಯದೇ ತಕರಾರು. ಯುದ್ಧ ಶುರುವಾದಂದಿನಿಂದ ಸೀಮೆಎಣ್ಣೆ ವಾರಕ್ಕೊಮ್ಮೆ, ಅದೂ ಕಾರ್ಡಿಗೆ ಅರ್ಧ ಡಬ್ಬ. ಒಳಕೋಣೆಯಲ್ಲಿ ಅಮ್ಮನ ಎದೆ ಹಳೇ ತಿದಿಯ ಹಾಗೆ ಗೊರಗುಟ್ಟುತ್ತಿತ್ತು. ಬಿಸಿನೀರಿನ ಹಬೆ ಕೊಡದಿದ್ದರೆ ಆಕೆಗೆ ಉಸಿರು ಕಟ್ಟುತ್ತಿತ್ತು.

"ಎಣ್ಣೆ ತಂದೇ ಬರ್ತೀನಮ್ಮ," ಎಂದು ಡಬ್ಬ ಹಿಡಿದು ಹೊರಟ.

ಡಿಪೋ ಮುಂದೆ ಸಾಲಿನಲ್ಲಿ ನಿಂತರೆ ಜನ ಒಮ್ಮೆ ಬೆಳಗಿನ ಪೇಪರನ್ನು, ಒಮ್ಮೆ ಇವನನ್ನು ನೋಡುತ್ತಿದ್ದಾರೆ. ಮುಂದಿದ್ದ ಹೆಂಗಸು ಪೇಪರನ್ನು ಇವನ ಮೂತಿಗೇ ಹಿಡಿದಳು. ವ್ಯಂಗ್ಯಚಿತ್ರದಲ್ಲಿ, ಎಣ್ಣೆ ಪೀಪಾಯಿಗಳ ರಾಶಿಯ ಮೇಲೆ ಕೂತ ಕಳ್ಳದಾಸ್ತಾನುಗಾರ. ಜೋಲು ಮೀಸೆ, ಮೊರದಗಲ ಕಿವಿ. ಮುಖ ಅಪ್ಪಟ ದರ್ಜಿಯದು. ಹೊಟ್ಟೆ ಮಾತ್ರ ಬೇರೆ ಯಾರದೋ.

"ನಾನಲ್ಲಕ್ಕಾ! ನನ್ನ ಹೊಟ್ಟೆ ನೋಡಿ, ಬೆನ್ನಿಗಂಟಿದೆ."

"ಹೊಟ್ಟೆ ಮನೇಲಿಟ್ಟು ಬಂದಿದ್ದಾನೆ, ನೋಡ್ರೀ!"

ಸಾಲಿಗೆ ಸಾಲೇ ನಕ್ಕಿತು. ಅಲ್ಲಿಗೇ ಮುಗಿದಿದ್ದರೆ ಚೆನ್ನಿತ್ತು. ಒಬ್ಬ ಕಾಲರ್ ಹಿಡಿದ, ಇನ್ನೊಬ್ಬ ಇವನ ಮನೆ ಜಾಲಾಡೋಣವೆಂದ. ಹೋಗಿ ಅಮ್ಮನ ಮಂಚದ ಕೆಳಗೂ ಬಗ್ಗಿ ನೋಡಿದರು. ಸಿಕ್ಕಿದ್ದು ಒಣಗಿದ ಸ್ಟೋವು.

"ಎಷ್ಟು ಹುಷಾರಾಗಿ ಬಚ್ಚಿಟ್ಟಿದ್ದಾನೆ, ಖದೀಮ!" ಎಂದುಕೊಂಡು ಹೋದರು.

ದರ್ಜಿ ನೇರ ಎದುರುಮನೆಯ ಮಹಡಿ ಹತ್ತಿದ. ವ್ಯಂಗ್ಯಚಿತ್ರಕಾರ ಕುಂಚ ತೊಳೆಯುತ್ತಿದ್ದ.

"ಇಡೀ ಊರಲ್ಲಿ ನನ್ನ ಮುಖವೇ ಸಿಕ್ತಾ ಸ್ವಾಮಿ ನಿಮಗೆ?"

"ಏನ್ಮಾಡ್ಲಿ ಟೈಲರಣ್ಣ? ಮಂತ್ರಿ ಮುಖ ಬರೆದ್ರೆ ಜೈಲು. ಸಾಹುಕಾರನ ಮುಖ ಬರೆದ್ರೆ ಕೆಲಸ ಹೋಗುತ್ತೆ, ಪೇಪರ್ ಅವನದೇ. ನೀವು ದಿನಾ ಕಿಟಕೀಲಿ ಕಾಣ್ತೀರಿ. ನಿಮ್ಮ ಮುಖಾನ ಯಾಕೆ ಬರೆದೆ ಅಂತ ಕೇಳೋರು ಯಾರಿದ್ದಾರೆ?"

"ನಾನೇ ಬಂದಿದ್ದೀನಲ್ಲ! ಎಣ್ಣೆ ಸಿಗದಿದ್ರೆ ನಮ್ಮಮ್ಮ ಉಳಿಯಲ್ಲ."

ಚಿತ್ರಕಾರನ ಕೈ ನಿಂತಿತು. "ಸಂಜೆ ಪೇಪರಿಗೆ ಇನ್ನೊಂದು ಬರೀತೀನಿ. ಕಳ್ಳ ಅಂದೋರೇ ಕೈ ಮುಗೀಬೇಕು, ಹಾಗೆ."

ಸಂಜೆ ಸಾಲು ತಾನಾಗಿ ಸರಿದು ದಾರಿ ಬಿಟ್ಟಿತು. ಕಾಲರ್ ಹಿಡಿದವನೇ ಹೆಗಲು ತಟ್ಟಿದ. ದರ್ಜಿಗೆ ಕಣ್ಣು ತುಂಬಿ ಬಂತು. ಡಿಪೋದವನಂತೂ ಎದ್ದು ನಿಂತ.

"ನಿಮ್ಮಂಥೋರು ಮನೆಗೊಬ್ಬರಿದ್ರೆ ಯುದ್ಧ ನಾಳೇನೇ ಗೆಲ್ತೀವಿ," ಎಂದು ಪೇಪರ್ ಬಿಚ್ಚಿ ತೋರಿಸಿದ. ಅದೇ ಮೀಸೆ, ಅದೇ ಕಿವಿ, ಹೊಟ್ಟೆ ಮಾಯ. ಚಿತ್ರದ ದರ್ಜಿ ನಗುನಗುತ್ತ ತನ್ನ ಎಣ್ಣೆಯನ್ನು ಸೈನಿಕನ ಕಂದೀಲಿಗೆ ಸುರಿಯುತ್ತಿದ್ದ. ಕೆಳಗೆ ದಪ್ಪಕ್ಷರ: 'ನನ್ನ ಪಾಲೂ ರಣರಂಗಕ್ಕೆ!'

"ಅದು ಬರೀ ಚಿತ್ರ ಸ್ವಾಮಿ... ನಮ್ಮಮ್ಮನಿಗೆ..."

"ಸಂಕೋಚ ಯಾಕೆ? ನಿಮ್ಮ ಪಾಲು ಆಗಲೇ ಸೈನ್ಯದ ಲಾರಿಗೆ ಹಾಕಿಸಿದ್ದೀನಿ. ಆ ಡಬ್ಬಾನೂ ಕೊಡಿ, ಅವರಿಗೆ ಬೇಕಾಗುತ್ತೆ."

ಜನ ಚಪ್ಪಾಳೆ ಹೊಡೆದರು. ಚಪ್ಪಾಳೆಯಿಂದ ನೀರು ಕಾಯುವುದಿಲ್ಲ.

ಮನೆಗೆ ಬಂದು ದರ್ಜಿ, ಚಳಿಗಾಲವೆಲ್ಲ ಮುಂದೂಡುತ್ತ ಬಂದಿದ್ದ ಕಾಗದವನ್ನು ಬರೆದ. ಸೌದೆ ಸಿಗುವ ಊರಿನಲ್ಲಿದ್ದ ಅಕ್ಕನಿಗೆ. ಅಮ್ಮನನ್ನು ನಾನೇ ನೋಡಿಕೊಳ್ಳುತ್ತೇನೆಂದು ಜಗಳವಾಡಿ ಕಳಿಸಿದ್ದ ಅಕ್ಕನಿಗೆ. 'ನನ್ನ ಕೈಲಾಗಲಿಲ್ಲ. ಬಂದು ಅಮ್ಮನನ್ನು ಕರೆದುಕೊಂಡು ಹೋಗು.'

ಬೀದಿ ಕೊನೆಯಲ್ಲಿ ಅಂಚೆಯವನು ಪೆಟ್ಟಿಗೆ ಖಾಲಿ ಮಾಡುತ್ತಿದ್ದ. ಇವನನ್ನು ಕಂಡದ್ದೇ ಮುಖ ಅರಳಿತು.

"ಪೇಪರಲ್ಲಿರೋದು ನೀವೇ ಅಲ್ವಾ? ಇಂಥ ಮಗನ್ನ ಹೆತ್ತ ತಾಯಿ ಪುಣ್ಯವಂತೆ ಬಿಡಿ!"

ದರ್ಜಿ ಕಾಗದವನ್ನು ಅವನ ಚೀಲಕ್ಕೆ ಹಾಕಿದ.