ಮಾವನ ಮನೆಯ ಗುಂಡುಕಲ್ಲು

ಅಳಿಯನಾದವನಿಗೆ ಮಾವನ ಮನೆಯಲ್ಲಿ ಮರ್ಯಾದೆ ತಾನಾಗಿ ಸಿಗುತ್ತದೆ ಎಂದು ನಂಬಿದವರು ಸಂಪಿಗೆ ಊರಿನ ಕಡೆ ಹೆಣ್ಣು ತಂದಿಲ್ಲವೆಂದೇ ಅರ್ಥ. ನನ್ನ ಹೆಂಡತಿ ಜಯಮ್ಮನ ಊರಿನಲ್ಲಿ ಅದನ್ನು ನೆಲದಿಂದ ಎತ್ತಿಕೊಳ್ಳಬೇಕು. ಯುಗಾದಿಯ ಮಾರನೆಯ ದಿನ, ಹೊಸತೊಡಕಿನ ಊಟಕ್ಕೆ ಮೊದಲು, ಗುಡಿಯ ಮುಂದಿನ ಗುಂಡುಕಲ್ಲನ್ನು ಊರಿನ ಅಳಿಯಂದಿರು ಮಂಡಿಯ ಮಟ್ಟಕ್ಕಾದರೂ ಎತ್ತಬೇಕೆಂಬುದು ಅಲ್ಲಿನ ವಾಡಿಕೆ. ನನ್ನ ಷಡ್ಡಕ ಅದನ್ನು ಎತ್ತಿ, ಇಳಿಸಿ, ಕೈ ಒರೆಸಿಕೊಂಡು ಬೀಡಿ ಹಚ್ಚುತ್ತಿದ್ದ. ನಾನು ಕಲ್ಲನ್ನು ತಬ್ಬಿಕೊಂಡು ಸುಸ್ತಾಗಿ ಎದ್ದು ಬರುತ್ತಿದ್ದೆ. ಜಯಮ್ಮನ ತಂಗಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದರೆ, ಜಯಮ್ಮ ಇಲ್ಲದ ಕೆಲಸ ಹುಡುಕಿಕೊಂಡು ಹಿತ್ತಲಿಗೆ ಹೋಗುತ್ತಿದ್ದಳು.

ಅವಳ ಮುಖ ನೋಡಲಾರದೆ ಒಂದು ವರ್ಷ ಹಟ ತೊಟ್ಟೆ. ಹಟವೇನೋ ಸಲೀಸು, ಹೊತ್ತು ಎಲ್ಲಿಂದ ತರುವುದು? ಬೆಳಗ್ಗೆ ಎದ್ದರೆ ಹಸು ಕರೆಯಬೇಕು, ತೋಟಕ್ಕೆ ನೀರು ತಿರುಗಿಸಬೇಕು, ತುರುವೇಕೆರೆಯ ಬಸ್ಸು ಹಿಡಿದು ಆಫೀಸು ಸೇರಬೇಕು. ಸಂಜೆ ಬಂದರೆ ಸೀಮೆಎಣ್ಣೆಯ ಕ್ಯೂ, ಮಗನ ಮಗ್ಗಿ. ಕೊನೆಗೆ ಬಚ್ಚಲಿನ ಹಂಡೆ ನೀರು ಕಾಯುವ ಹೊತ್ತೊಂದೇ ನನ್ನ ಪಾಲಿಗೆ ಉಳಿಯಿತು. ಅಷ್ಟರಲ್ಲೇ ಭೀಮನಾಗಬೇಕಿತ್ತು.

ಹಿತ್ತಲಲ್ಲಿ ಹಳೆಯ ಎತ್ತಿನಗಾಡಿಯ ಕಬ್ಬಿಣದ ಅಚ್ಚು ಬಿದ್ದಿತ್ತು. ಅದರ ಎರಡು ತುದಿಗೂ ಒಂದೊಂದು ಚೀಲ ತೆಂಗಿನಕಾಯಿ ಕಟ್ಟಿದೆ. ಮೊದಲ ದಿನ ಅಚ್ಚು ಮೇಲೇಳಲಿಲ್ಲ, ಬಗ್ಗಿದ ನಾನೂ ಮೇಲೇಳಲಿಲ್ಲ. ಅವ್ವ ಬಂದು ನೋಡಿ, "ಏನ್ಲಾ ಹುಡುಕ್ತಿದ್ದೀಯಾ?" ಎಂದಳು. ಆದರೂ ಬಿಡಲಿಲ್ಲ. ಕಾಯಿಗಳನ್ನು ಬದಲಿಸಲೂ ಇಲ್ಲ, ಹೆಚ್ಚಿಸಲೂ ಇಲ್ಲ. ಅದೇ ಭಾರ ಹಗುರವೆನಿಸಿದರೆ ತಾನೇ ಬಲ ಬಂದದ್ದು ಗೊತ್ತಾಗುವುದು ಎಂಬುದು ನನ್ನ ಲೆಕ್ಕಾಚಾರ. ಎತ್ತಿದ ಮೇಲೆ ಹಸು ಬಾಯಿ ಹಾಕದಿರಲೆಂದು ಚೀಲಗಳನ್ನು ಹಂಡೆಯೊಲೆಯ ಬೆಚ್ಚನೆಯ ಗೋಡೆಗೆ ಒರಗಿಸಿಡುತ್ತಿದ್ದೆ.

ಮಳೆಗಾಲದ ಹೊತ್ತಿಗೆ ಅಚ್ಚು ಮಂಡಿಗೆ ಬಂತು. ದೀಪಾವಳಿಗೆ ಸೊಂಟಕ್ಕೆ ಬಂತು. ಸಂಕ್ರಾಂತಿ ಕಳೆದ ಮೇಲಂತೂ ಅದನ್ನು ಎತ್ತಿ ಹಿಡಿದುಕೊಂಡೇ ಮಗನಿಂದ ಹದಿಮೂರರ ಮಗ್ಗಿ ಒಪ್ಪಿಸಿಕೊಳ್ಳುತ್ತಿದ್ದೆ. ಎತ್ತುವಾಗ ಎಲ್ಲೋ ಲೊಟಲೊಟ ಎಂದು ಸದ್ದಾಗುತ್ತಿತ್ತು. ಮಂಡಿಯ ಕೀಲು ಇರಬೇಕೆಂದು ಎಣ್ಣೆ ತಿಕ್ಕಿಕೊಳ್ಳುತ್ತಿದ್ದೆ. ಜಯಮ್ಮ ನನಗೆ ಒಂದು ಮುದ್ದೆ ಹೆಚ್ಚಿಗೆ ಬಡಿಸತೊಡಗಿದಳು. ತವರಿನಿಂದ ಬಂದವರಿಗೆಲ್ಲ, "ಈ ಸಲ ನಮ್ಮೋರು ಎತ್ತುತಾರೆ ಕಣ್ರೀ, ನೋಡ್ತಿರಿ" ಎಂದು ಹೇಳಿ ಕಳಿಸಿದಳು. ಅವಳ ದನಿಯಲ್ಲಿದ್ದ ಹೆಮ್ಮೆ ಕೇಳಿ ನನ್ನ ಎದೆ ಉಬ್ಬಿತು. ಅಂಗಿಯ ಗುಂಡಿ ಹಾಕಿಕೊಳ್ಳುವುದನ್ನೇ ಬಿಟ್ಟೆ.

ಹೊಸತೊಡಕು ಬಂತು. ಜಯಮ್ಮ ಈ ಸಲ ಹಿತ್ತಲಿಗೆ ಹೋಗದೆ ಎಲ್ಲರ ಮುಂದೆ ನಿಂತಿದ್ದಳು. ನಾನು ಪಂಚೆ ಎತ್ತಿ ಕಟ್ಟಿ, ದೇವರಿಗೆ ಕೈಮುಗಿದು, ಕಲ್ಲನ್ನು ಅಪ್ಪಿದೆ. ಮುಕ್ಕರಿದೆ, ತಿಣುಕಿದೆ. ಕಲ್ಲು ತನ್ನ ಕೆಳಗೆ ಒಂದು ಇರುವೆ ನುಸುಳುವಷ್ಟೂ ಜಾಗ ಬಿಡಲಿಲ್ಲ. ನಮ್ಮ ಮಾವ ಬಹಳ ಮೆತ್ತಗೆ ಭುಜ ಮುಟ್ಟಿ, "ಬುಡಿ ಅಳಿಯಂದ್ರೆ, ಆಪೀಸಿನೋರು ನೀವು. ಬನ್ನಿ, ಬಾಡು ಆರೋಯ್ತದೆ" ಎಂದರು. ನಕ್ಕಿದ್ದರೆ ವಾಸಿಯಿತ್ತು.

ವಾಪಸ್ಸು ಬರುವಾಗ ಜಯಮ್ಮ ಬಸ್ಸಿನ ಕಿಟಕಿಯಾಚೆ ನೋಡುತ್ತ ಕೂತವಳು ಒಂದು ಮಾತೂ ಆಡಲಿಲ್ಲ. ಸೊಂಟದ ನೋವಿಗಿಂತ ನನಗೆ ಅದೇ ಹೆಚ್ಚು ನೋಯಿತು.

ಮನೆಗೆ ಬಂದ ಮಾರನೆಯ ದಿನ, "ಇನ್ನು ಇವು ಯಾಕೆ" ಎಂದು ಅವ್ವ ಚೀಲ ಬಿಚ್ಚಲು ಹೋದಳು. ನಾನು ನೋಡುತ್ತಿದ್ದಂತೆ ಒಂದನ್ನು ಒಂದೇ ಕೈಯಲ್ಲಿ ಎತ್ತಿಕೊಂಡು ಜಗಲಿಗೆ ಬಂದಳು. ಒಂದು ಕಾಯಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿದಳು. ಲೊಟಲೊಟ ಎಂದಿತು. "ಅಲ್ಲ ಕಣ್ಲಾ, ಕೊಬ್ಬರಿ ಆಗೋಗೈತಲ್ಲ" ಎಂದಳು.

ನಮ್ಮ ಸೀಮೆಯಲ್ಲಿ ಕಾಯಿಯನ್ನು ವರ್ಷಗಟ್ಟಲೆ ಅಟ್ಟದ ಮೇಲೆ ಇಡುತ್ತೇವೆ. ಒಳಗಿನ ನೀರೆಲ್ಲ ಇಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆ ಕೊಬ್ಬರಿಯಾದಾಗ ಹೀಗೆ ಸದ್ದು ಮಾಡುತ್ತದೆ. ನಾನು ಹುಟ್ಟಿ ಬೆಳೆದದ್ದೇ ಅಂಥ ಅಟ್ಟದ ಕೆಳಗೆ. ನನ್ನ ಚೀಲಗಳಿಗೆ ಒಲೆಯ ಶಾಖ ಬೇರೆ ಸಿಕ್ಕಿತ್ತು. ವರ್ಷವೆಲ್ಲ ನಾನು ಬಲಿಯುತ್ತಿರಲಿಲ್ಲ, ಕಾಯಿ ಒಣಗುತ್ತಿತ್ತು.

ಜಯಮ್ಮ ಒಂದು ಕಾಯಿ ಅಲ್ಲಾಡಿಸಿದಳು, ನನ್ನ ಮಂಡಿ ನೋಡಿದಳು, ಮತ್ತೆ ಕಾಯಿ ಅಲ್ಲಾಡಿಸಿದಳು. ಆಮೇಲೆ ಗೋಡೆಗೆ ಒರಗಿಕೊಂಡು ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ಬಸ್ಸಿನಲ್ಲಿ ಆಡದಿದ್ದ ಮಾತೆಲ್ಲ ಆ ನಗುವಿನಲ್ಲೇ ಹೊರಬಂದಿತೆಂದು ನನಗೆ ಎಷ್ಟು ಹಿತವಾಯಿತೆಂದರೆ, ನಾನೂ ನಾಚಿಕೆ ಬಿಟ್ಟು ನಕ್ಕೆ.

ಮರುದಿನ ಬೆಳಗ್ಗೆ ಅವಳೇ ತೋಟದಿಂದ ಆಗತಾನೆ ಕೆಡವಿದ ಕಾಯಿ ತಂದು ಎರಡೂ ಚೀಲ ತುಂಬಿಸಿ ಕಟ್ಟಿದಳು. ನಾನು ಬಗ್ಗಿ ಅಚ್ಚು ಹಿಡಿದೆ. ಅದು ಅಲುಗಲಿಲ್ಲ. ಹಂಡೆಗೆ ಉರಿ ಹಾಕುತ್ತಿದ್ದ ಜಯಮ್ಮ ತಿರುಗಿಯೂ ನೋಡದೆ, "ಆತ್ರ ಯಾಕ್ರೀ? ಯುಗಾದಿ ಹೊತ್ಗೆ ಇವೂ ಒಣಗ್ತಾವೆ ಬುಡಿ" ಎಂದಳು.

ನನಗೂ ಅದೇ ಧೈರ್ಯ.