ಅತ್ತೆಯ ಅರಿಶಿನದ ಚೀಟಿ

ನಮ್ಮ ಸೋದರತ್ತೆ ಪರೀಕ್ಷೆ ಮಾಡದೆ ದೇವರನ್ನೂ ನಂಬುವವಳಲ್ಲ. ಉತ್ಪ್ರೇಕ್ಷೆ ಅಂದಿರಾ? ಗುಡಿಯ ತೀರ್ಥಕ್ಕೇ ಚೀಟಿ ಅದ್ದಿ ನೋಡಿದವಳು ಸ್ವಾಮಿ! ಹಳೇಕೋಟೆ ಕಡೆಯ ಶಾಲೆಯೊಂದರಲ್ಲಿ ವಿಜ್ಞಾನದ ಟೀಚರು. ಕಾಗದವನ್ನು ಅರಿಶಿನದ ನೀರಿನಲ್ಲಿ ಅದ್ದಿ, ಒಣಗಿಸಿ, ಚೀಟಿ ಕತ್ತರಿಸುತ್ತಾಳೆ. ಸೋಪಿನ ನೀರೋ ಸುಣ್ಣದ ನೀರೋ ತಾಗಿದರೆ ಚೀಟಿ ಕೆಂಪು. ನಿಂಬೆರಸ ಬಿದ್ದರೆ ಮತ್ತೆ ಹಳದಿ. ಮಕ್ಕಳು ಬಾಯಿ ಬಿಟ್ಟು ನೋಡುತ್ತವೆ. ಆದರೆ ಶಾಲೆ ಬಿಟ್ಟ ಮೇಲಾದರೂ ಅವಳ ಪ್ರಯೋಗ ಮುಗಿಯಬೇಕಲ್ಲ!

ಅರಕಲಗೂಡಿನ ಹೋಟೆಲೊಂದರಲ್ಲಿ ನೀರಿನ ಲೋಟಕ್ಕೆ ಚೀಟಿ ಇಳಿಬಿಟ್ಟಳು. ಕೆಂಪಾಯಿತು!

"ಲೋಟ ಸರ್ಯಾಗಿ ತೊಳ್ದಿಲ್ಲ ಕಣಪ್ಪ, ಸೋಪು ಅಂಗೇ ಅದೆ."

"ಸೋಪು ಆಕ್ತೀವಲ್ಲ ಮೇಡಂ, ಅದ್ಕೆ ಸಂತೋಸ ಪಡಿ!"

ಅಂದ ಹೋಟೆಲಿನವನು ಈಗ ಅತ್ತೆ ಬಸ್ಸಿಳಿಯುವುದು ಕಂಡರೆ ಸಾಕು, ಲೋಟಗಳನ್ನೆಲ್ಲ ಇನ್ನೊಮ್ಮೆ ತೊಳೆಸುತ್ತಾನೆ.

ಚನ್ನರಾಯಪಟ್ಟಣದ ನೆಂಟರೊಬ್ಬರ ಬಿಳಿ ಪಂಚೆಗೆ ಸಾರು ಚೆಲ್ಲಿತು. ಸೋಪು ಉಜ್ಜಿದರೆ ಕಲೆ ಕೆಂಪಗಾಗಿ, "ರಕ್ತ! ರಕ್ತ!" ಎಂದು ಕೂಗಿಕೊಂಡರು. ಅತ್ತೆ ನಿಧಾನವಾಗಿ, "ಗಾಬ್ರಿ ಬ್ಯಾಡಿ ಸಾ, ಸಾರಿನ್ ಅರಿಶ್ನ ಅದು. ನಿಂಬೆಅಣ್ಣು ಇಂಡ್ಲಾ?" ಅಂದಳು.

ಇಂಥ ಗಟ್ಟಿಗಿತ್ತಿ ಆರತಿ ಹೊತ್ತಿಗೆ ಮಾತ್ರ ಅಡುಗೆಮನೆಗೆ ಸರಿದುಬಿಡುತ್ತಿದ್ದಳು. ಮಾವ ತೀರಿಕೊಂಡ ಮೇಲೆ ಅವಳನ್ನು ಯಾರೂ ಕರೆದಿರಲಿಲ್ಲ. ಎಲ್ಲವನ್ನೂ ಪ್ರಶ್ನಿಸುವವಳು ಇದೊಂದನ್ನೇಕೆ ಪ್ರಶ್ನಿಸುವುದಿಲ್ಲ ಎಂದು ನನಗೆ ಸಂಕಟವಾಗುತ್ತಿತ್ತು.

ಹೋದ ವರ್ಷ ತಂಗಿಯ ಮದುವೆ. ಹೊಸ ಜೋಡಿ ಮನೆ ಬಾಗಿಲಿಗೆ ಬಂದು ನಿಂತಿದೆ. ಆರತಿ ತಟ್ಟೆಯ ನೀರಿಗೆ ಅರಿಶಿನ, ಸುಣ್ಣ ಎಷ್ಟು ಕಲಸಿದರೂ ಕೆಂಪಾಗಲೊಲ್ಲದು!

"ಇದೇನವ್ವ ಅಪಸಕುನ!" ಯಾರೋ ಅಂದೇಬಿಟ್ಟರು. ತಂಗಿಯ ಮುಖ ಬಾಡಿತು.

"ಅಪಸಕುನ ಅಲ್ಲ, ಅಳೇ ಸುಣ್ಣ!" ಅಡುಗೆಮನೆಯಿಂದ ಅತ್ತೆಯ ದನಿ. "ಗಾಳಿಗಿಟ್ರೆ ಸುಣ್ಣದ್ ಸಕ್ತಿ ಒಂಟೋಯ್ತದೆ! ಯಾಕಪ್ಪಾ ಅಂದ್ರೆ..."

ಅಜ್ಜಿಯ ಎಲೆಅಡಿಕೆ ಡಬ್ಬಿಯಿಂದ ಹಸಿ ಸುಣ್ಣ ತೆಗೆದುಕೊಂಡು ಓಡಿ ಬಂದವಳೇ ಬೆರಳಿನಿಂದ ಕದಡಿದಳು. ತಟ್ಟೆಯ ನೀರು ಕೆಂಪೋ ಕೆಂಪು! ಎಲ್ಲರೂ ನಿಟ್ಟುಸಿರು ಬಿಡುವಷ್ಟರಲ್ಲಿ ಅವಳು ಮತ್ತೆ ಒಳಗೆ ಹೊರಟಿದ್ದಳು. ತಂಗಿ ಅವಳ ಸೆರಗು ಹಿಡಿದುಕೊಂಡಳು.

"ಅತ್ತೆ, ನೀನೇ ಎತ್ಬೇಕು. ಇಲ್ದಿದ್ರೆ ನಾನು ಒಳಕ್ಕೆ ಬರಾಕಿಲ್ಲ."

ಎಲ್ಲರೂ ಅಜ್ಜಿಯ ಕಡೆ ತಿರುಗಿದರು. ಅತ್ತೆಯ ಹೆತ್ತ ತಾಯಿ, ಆದರೂ ಇಷ್ಟು ವರ್ಷ ಸುಮ್ಮನಿದ್ದವಳು.

"ನನ್ ಮೊಕ ಏನ್ ನೋಡೀರಿ?" ಅಂದಳು ಅಜ್ಜಿ. "ಎತ್ತು ಮಗ. ನಾನೇ ಯಾವತ್ತೋ ಈ ಮಾತ್ ಏಳ್ಬೇಕಿತ್ತು."

ಅತ್ತೆ ತಟ್ಟೆ ಎತ್ತಿಕೊಂಡಳು. ಬೆರಳೆಲ್ಲ ಕೆಂಪು. ಅರ್ಧಕ್ಕೆ ನಿಂತ ಸುಣ್ಣದ ಪಾಠವನ್ನು ಅವತ್ತು ಅವಳು ಮುಗಿಸಲೇ ಇಲ್ಲ.