ಕಮಲಾಪುರದ ಯಜಮಾನರ ರಕ್ತ ಸೋಸಿದ್ದು

ಐಸಿಯು ಎಂದರೆ ಜನ ಬಾಯಿ ಮುಚ್ಚಿಕೊಂಡು ಕೂರುವ ಜಾಗ ಎಂದು ತಿಳಿದವರು ನಮ್ಮ ಕಲಬುರಗಿ ಕಡೆಯ ಮಂದಿಯನ್ನು ನೋಡಿಲ್ಲ. ಸೂಪರ್ ಮಾರ್ಕೆಟ್ ಹತ್ತಿರದ ಆಸ್ಪತ್ರೆಯೊಂದರಲ್ಲಿ ನರ್ಸಾಗಿ ತಲೆ ನೆರೆಯಿಸಿಕೊಂಡವಳು ನಾನು. ಇವತ್ತು ನಗಬಾರದು ಎಂದು ಮುಖ ಬಿಗಿದುಕೊಂಡು ಬಂದ ದಿನವೇ ಯಾರೋ ಒಬ್ಬರು ನಗಿಸಿಬಿಡುತ್ತಿದ್ದರು. ಎರಡು ಸಾವಿರದ ಇಸವಿ ದಾಟಿದ ಮೇಲೆ ಬಂದ, ಕಮಲಾಪುರದ ಬಾಳೆತೋಟದ ಯಜಮಾನರ ಮನೆಯವರಂತೂ ಈ ಕೆಲಸಕ್ಕೆ ಪಣ ತೊಟ್ಟೇ ಬಂದಂತಿತ್ತು.

೧. ಗಸಿ ಎಲ್ಲಿ?

ಯಜಮಾನರ ಕಾಲಿಗೆ ಮುಳ್ಳು ಚುಚ್ಚಿ, ಕೀವಾಗಿ, ನಂಜು ಮೈಗೆಲ್ಲ ಏರಿತ್ತು. ಬಿ.ಪಿ. ಕುಸಿದು ಎಚ್ಚರ ತಪ್ಪಿತ್ತು. ಔಷಧಿ ಸಾಲದೆ ನಮ್ಮ ಡಾಕ್ಟರು ಹೈದರಾಬಾದಿನಿಂದ ಹೊಸ ತರಹದ ಫಿಲ್ಟರ್ ತರಿಸಿದರು. ಯಜಮಾನರ ಅಣ್ಣನನ್ನು ಕೂರಿಸಿಕೊಂಡು ತಿಳಿಹೇಳಿದರು.

"ನಂಜಿನ ಜೋಡಿ ಹೊಡದಾಡಾಕ ಮೈಯೇ ಒಂದಿಷ್ಟು ರಸ ಬಿಡ್ತದ್ರೀ. ಅದು ಅತಿಯಾಗಿ ಈಗ ಮೈಯನ್ನೇ ಸುಡಾಕತ್ತದ. ರಕ್ತ ಹೊರಗ ತಗದು, ಸೋಸಿ, ತಿರುಗಿ ಒಳಗ ಬಿಡ್ತೇವಿ. ಉಳೀತಾರಂತ ಖಾತ್ರಿ ಹೇಳಾಕಾಗಲ್ಲ."

ಅಣ್ಣ ಒಪ್ಪಿದರು. ಸೋಸುವುದು ಮುಗಿಯುವತನಕ ಬಾಗಿಲಿನ ಗಾಜಿಗೆ ಮೂಗು ಒತ್ತಿ ನಿಂತಿದ್ದರು. ನಾನು ಹೊರಗೆ ಬಂದದ್ದೇ ತಡ, "ಸಿಸ್ಟರ್, ಗಸಿ ತೋರಸ್ರಿ" ಎಂದರು.

"ಎಂಥಾ ಗಸಿ?"

"ಚಹಾ ಸೋಸಿದ್ರ ಪುಡಿ ಉಳೀತದ. ಇಷ್ಟು ಹೊತ್ತು ಸೋಸೀರಿ, ಏನಾರ ಉಳದಿರಬೇಕಲ್ಲ?"

ಅದು ಕಣ್ಣಿಗೆ ಕಾಣುವಂಥದ್ದಲ್ಲ ಎಂದು ಡಾಕ್ಟರು ಎಷ್ಟು ಹೇಳಿದರೂ ಅಣ್ಣನ ಮುಖ ಅರಳಲಿಲ್ಲ.

"ಊರಾಗ ಕೇಳಿದ್ರ ಏನ್ ಹೇಳ್ಲಿ ಡಾಕ್ಟ್ರೇ? ನಮ್ಮೂರ ದೆವ್ವ ಬಿಡಸವರು ಸೈತ ಒಂದ್ ಲಿಂಬಿಹಣ್ಣು, ನಾಕ್ ಕೂದಲಾ ತಗದು ತೋರಸ್ತಾರ."

೨. ಮಂಚದ ಕೆಳಗಿನ ಗೊನೆ

ಮರುದಿನ ಮಂಚದ ಕೆಳಗೆ ಬಗ್ಗಿದರೆ ಕೆಂಪು ಬಾಳೆಯ ಇಡೀ ಗೊನೆ! ವಾರ್ಡೆಲ್ಲ ಘಮಘಮ. ನನಗೆ ಸಿಟ್ಟು ನೆತ್ತಿಗೇರಿತು. ಅಣ್ಣನನ್ನು ಕರೆಸಿದೆ.

"ಎಚ್ಚರಾದ ಕೂಡ್ಲೇ ಅವಗ ಮದಲ ನಮ್ಮ ತ್ವಾಟದ ಹಣ್ಣೇ ಕಾಣಲಿ ಅಂತ ಇಟ್ಟೀನ್ರೀ" ಎಂದರು.

"ಅವರ ಕಿಡ್ನಿ ಸೋತಾವ. ಈಗ ಬಾಳೆಹಣ್ಣು ಅವರಿಗೆ ವಿಷ ಇದ್ದಂಗ."

"ಏನ್ ಮಾತಾಡ್ತೀರಿ ಸಿಸ್ಟರ್! ಬಾಳಿಗಿಡದ ಬುಡಕ್ಕೇ ಬೆಳದಾನ ಅವ. ವಿಷ ಇದ್ದಿದ್ರ ತೊಟ್ಟಿಲದಾಗೇ ಸಾಯಬೇಕಿತ್ತು."

ಗೊನೆಯನ್ನು ಹೊರಗೆ ಸಾಗಿಸಿದೆ. ಸಂಜೆಯೊಳಗೆ ನಮ್ಮ ಸಿಬ್ಬಂದಿ ಅಷ್ಟೂ ವಿಷವನ್ನು ತಿಂದು ಮುಗಿಸಿದ್ದರು.

೩. ಹೆಸರು

ಬಿ.ಪಿ. ಮೇಲೆ ಬಂತು, ಜ್ವರ ಇಳಿಯಿತು. ಆದರೆ ಯಜಮಾನರು ಕಣ್ಣು ಮಾತ್ರ ತೆರೆಯಲಿಲ್ಲ. ಮೆದುಳಿಗೆ ಪೆಟ್ಟಾಗಿದೆಯೋ ಏನೋ ಎಂದು ಡಾಕ್ಟರಿಗೆ ದಿಗಿಲು. ಒಂದು ಬೆಳಿಗ್ಗೆ ಅವರು ಯಜಮಾನರ ಹೆಂಡತಿಯನ್ನು ಒಳಗೆ ಕರೆದು, "ಹೆಸರು ಹಿಡದು ಜೋರಾಗಿ ಕರೀರಿ, ಗುರುತಿನ ದನಿಗೆ ಏಳಬಹುದು" ಎಂದರು.

ಆಕೆ ಬಾಯಿಗೆ ಸೆರಗು ಒತ್ತಿಕೊಂಡರು. "ಗಂಡನ ಹೆಸರು ಹೆಂಗ ತಗೊಳ್ಳಲ್ರೀ?"

"ಹೆಂಗಾರ ಕರೀರಿ."

"ಏನ್ರೀ... ಕೇಳಸ್ತದೇನ್ರೀ?"

ಯಜಮಾನರು ಮಿಸುಕಲಿಲ್ಲ. ಪಕ್ಕದ ಮಂಚದ ಮುದುಕ ಮಾತ್ರ ಕಣ್ಣು ಬಿಟ್ಟು, "ಏನಬೇ?" ಎಂದ.

ಯಾರಿಗೂ ನಗುವ ಧೈರ್ಯ ಬರಲಿಲ್ಲ. ಆಕೆಯ ಕಣ್ಣಲ್ಲಿ ನೀರು ತುಂಬಿತ್ತು. ನಾನು ಹತ್ತಿರ ಹೋಗಿ, "ಲಗ್ನದಾಗ ಒಡಪು ಹೇಳಿದ್ದಿಲ್ಲೇನಕ್ಕಾ? ಒಡಪಿನ್ಯಾಗ ಹೆಸರು ತಗೊಂಡ್ರ ದೋಷಿಲ್ಲ" ಎಂದೆ. ಪ್ರಾಸ ಕಟ್ಟಿ ಗಂಡನ ಹೆಸರು ಹೇಳಲು ನಮ್ಮ ಹೆಂಗಸರಿಗೆ ಇರುವುದು ಅದೊಂದೇ ದಾರಿ.

ಆಕೆ ಡಾಕ್ಟರಿಗೆ, "ನೀವು ಆ ಕಡಿ ತಿರುಗ್ರಿ" ಎಂದರು. ಡಾಕ್ಟರು ಗೋಡೆಗೆ ಮುಖಮಾಡಿ ನಿಂತರು. ಆಕೆ ಗಂಡನ ಕಿವಿಯ ಹತ್ತಿರ ಬಗ್ಗಿ ಹೇಳಿದರು:

"ಕೋಳಿ ಕೂಗಿತು, ಬೆಳ್ಳಿ ಮೂಡಿತು, ಮೂಡಲ ಕೆಂಪಾತು,
ಮಾಣಿಕಪ್ಪನವರು ಏಳಬೇಕು, ತ್ವಾಟಕ್ಕ ನೀರ ಬಿಡೂ ಹೊತ್ತಾತು."

ರೆಪ್ಪೆ ಅಲುಗಿತು. ಯಜಮಾನರು ನಿಧಾನಕ್ಕೆ ಕಣ್ಣು ತೆರೆದು, ಹೆಂಡತಿಯನ್ನು ನೋಡಿ, ಒಣಗಿದ ತುಟಿಯಲ್ಲಿ ಕೇಳಿದರು:

"ಪಂಪಿಗೆ ಕರೆಂಟ್ ಬಂದದೇನು?"

ಆಕೆ ಗಂಡನ ಕೈ ಹಿಡಿದು ಅತ್ತುಬಿಟ್ಟರು. ಗೋಡೆ ಕಡೆ ಮುಖಮಾಡಿದ್ದ ಡಾಕ್ಟರೇ ಕಣ್ಣೊರೆಸಿಕೊಳ್ಳುತ್ತ ಕೂಗಿದರು:

"ಬಂದದ್ರೀ ಯಜಮಾನ್ರ! ಈಗಷ್ಟೇ ಬಂತು!"